ಇಸ್ಮಾಯಿಲ್‌ಸಾಬನ ಕುಂಯ್ಯ್ ಹಾಡು

ಮಸ್ಕಿಯ ಬಳೆಗಾರ ಇಸ್ಮಾಯಿಲ್‌ಸಾಬ್ ಐವತ್ತು ದಾಟುವವರೆಗೂ ಊರಿನ ಬಾಯಿಗೆ ಬಿದ್ದವನಲ್ಲ. ಬಳೆಗಾರನಾದವನಿಗೆ ಇದು ಸಣ್ಣ ಸಾಧನೆಯೇನೂ ಅಲ್ಲ. ಪರಗಂಡಸಿನ ನೆರಳು ಬಿದ್ದರೆ ಸೆರಗು ಸರಿಮಾಡಿಕೊಳ್ಳುವ ಹೆಂಗಸರು ಅವನ ಮುಂದೆ ಕೂತು ತಾವಾಗಿಯೇ ಕೈ ಚಾಚುತ್ತಾರೆ. ಅವನು ಆ ಕೈ ಹಿಡಿದು, ಒತ್ತಿ, ಮಡಚಿ, ಒಂದೊಂದೇ ಬಳೆ ಏರಿಸುತ್ತಾನೆ. ಪಕ್ಕದಲ್ಲಿ ಕೂತ ಗಂಡ ನಿಶ್ಚಿಂತೆಯಿಂದ ಪೇಪರ್ ಓದುತ್ತಾನೆ. ಇಂಥ ನಂಬಿಕೆ ಶಾಸಕರಿಗೂ ಸಿಕ್ಕಿಲ್ಲ, ಸ್ವಾಮಿಗಳಿಗೂ ಸಿಕ್ಕಿಲ್ಲ. ಇಸ್ಮಾಯಿಲ್‌ಸಾಬನ ಅಪ್ಪ, ಅಜ್ಜ ಎಲ್ಲರೂ ಇದೇ ನಂಬಿಕೆಯ ಅನ್ನ ಉಂಡವರು.

ಅಂಥ ಮನುಷ್ಯನಿಗೆ ಹಾಡು ಬರೆಯುವ ಬುದ್ಧಿ ಯಾಕೆ ಬಂತು ಎಂದರೆ, ಅವನ ಅಂಗಡಿಯ ಎದುರಿಗೇ ಗಾಜಿನ ಬಾಗಿಲಿನ ಫ್ಯಾನ್ಸಿ ಸ್ಟೋರ್ ಒಂದು ತೆರೆಯಿತು. ತೆರೆದದ್ದಕ್ಕೆ ಅವನ ತಕರಾರಿಲ್ಲ. ಆದರೆ ಅದರ ಜಾಹೀರಾತು ಸಿಂಧನೂರಿನ ಕೇಬಲ್ ಚಾನೆಲ್ಲಿನಲ್ಲಿ ದಿನಾ ಸಂಜೆ ಬರತೊಡಗಿತು. ಮಸ್ಕಿ, ಸಿಂಧನೂರು, ಲಿಂಗಸುಗೂರು ಮೂರೂ ಊರಲ್ಲಿ ನೋಡುವ ಚಾನೆಲ್ಲು ಅದು. ಒಂದು ಸಂಜೆ ಇಸ್ಮಾಯಿಲ್‌ಸಾಬ್ ಚಹಾದ ಬಟ್ಟಲು ಕೆಳಗಿಟ್ಟು ಘೋಷಿಸಿದ. "ಅವರು ಬರೇ ಮಾತಾಡ್ಯಾರ. ನಾ ಹಾಡತೀನಿ."

"ಗಾನಾ ಕಾಯಕು ಜೀ, ಹಾಡು ಯಾತಕ್ಕ? ಗಿರಾಕಿ ಬರ್ತಾರ, ಕೈ ಕೊಡ್ತಾರ, ಹೋಗ್ತಾರ. ಹಾಡು ಯಾರ್ ಕೇಳ್ಯಾರ ನಿಮಗ?" ಎಂದಳು ಹೆಂಡತಿ ಮೆಹರಬಾನು. ಹೆಂಡತಿಯ ಮಾತನ್ನು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನನಗೂ ನಿಮಗೂ ಸಮಯ ಉಳಿಯುತ್ತಿತ್ತು.

ಸಿಂಧನೂರಿನಲ್ಲಿ ಮದುವೆ ವಿಡಿಯೋ ಮಾಡುವ ಅಣ್ಣನ ಮಗ ದಾನಿಷ್ ಇದ್ದ. ಅವನು ಚಿಕ್ಕಪ್ಪನಿಗೆ ಹಳೆಯ ಶೇರ್ವಾನಿ ತೊಡಿಸಿ, ಜವಳಗೇರಾದ ಭತ್ತದ ಗದ್ದೆಯ ಬದುವಿನ ಮೇಲೆ ನಿಲ್ಲಿಸಿ, ಆಕಾಶದಲ್ಲಿ ಡ್ರೋನ್ ಹಾರಿಸಿ ಚಿತ್ರೀಕರಣ ಮಾಡಿದ. ಇಸ್ಮಾಯಿಲ್‌ಸಾಬ್ ಬದುವಿನ ಮೇಲಿಂದ ಎರಡು ಸಲ ಜಾರಿ ಕೆಸರಿಗೆ ಬಿದ್ದರೂ ಕೈಯೊಳಗಿನ ಬಳೆ ಮಾತ್ರ ಬಿಡಲಿಲ್ಲ. ಹಾಡು ಹೀಗಿತ್ತು:

ತಂಗೀ, ತೋರಸಲೇನ ಬಳಿ?
ಯಾರೂ ನೋಡದಂಥ ಬಳಿ!
ಅತ್ತಿ ಮಲಗಿದಾಗ ಬಾರ,
ನಿನಗಂತ ಇಟ್ಟೀನಿ ಬಳಿ!

ಅತ್ತೆ ಎಚ್ಚರ ಇದ್ದರೆ ತನಗೂ ಬೇಕು ಎನ್ನುತ್ತಾಳೆ, ಸೊಸೆಗೆ ಒಳ್ಳೆಯ ಜೋಡಿ ಉಳಿಯುವುದಿಲ್ಲ. ಇಪ್ಪತ್ತೈದು ವರ್ಷ ಅಂಗಡಿಯಲ್ಲಿ ಕಂಡ ಸತ್ಯವನ್ನೇ ಅವನು ಬರೆದಿದ್ದ. ಓಣಿಯ ಹೆಂಗಸರಿಗೆ ಹಾಡಿ ತೋರಿಸಿದಾಗ ಸೊಸೆಯಂದಿರು ಚಪ್ಪಾಳೆ ಹೊಡೆದರು, ಅತ್ತೆಯಂದಿರು ಬೈದರು. ಹಾಡು ಗೆದ್ದಿತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ವಿಡಿಯೋ ಚಾನೆಲ್ಲಿಗೆ ಹೋಗುವ ಹೊತ್ತಿಗೆ ವಿಧಾನಸಭೆ ಚುನಾವಣೆ ಘೋಷಣೆಯಾಗಿತ್ತು. ಚಾನೆಲ್ಲು ಅಂದರೆ ಸಿಂಧನೂರಿನ ಒಂದು ಮಹಡಿಯ ಮೇಲಿನ ಕೋಣೆ, ಒಂದು ಕಂಪ್ಯೂಟರು, ಮತ್ತು ಚನ್ನು. ಮಾಲೀಕನೂ ಅವನೇ, ವಾರ್ತೆ ಓದುವವನೂ ಅವನೇ, ವೈರು ಕಡಿದರೆ ಕಂಬ ಹತ್ತುವವನೂ ಅವನೇ. ಯಾವ ಅಭ್ಯರ್ಥಿಯ ಚಿಹ್ನೆಗೂ ಪುಕ್ಕಟೆ ಪ್ರಚಾರ ಕೊಡಕೂಡದು, ಕೊಟ್ಟರೆ ಚಾನೆಲ್ಲಿಗೆ ಬೀಗ ಎಂದು ಅಧಿಕಾರಿಗಳು ಸಭೆ ಕರೆದು ಹೇಳಿದ್ದರು. ಮಸ್ಕಿಯಲ್ಲಿ ಪಕ್ಷೇತರನಾಗಿ ನಿಂತ ಗೊಬ್ಬರದಂಗಡಿ ಮೈಲಾರಲಿಂಗಪ್ಪನಿಗೆ ಸಿಕ್ಕ ಚಿಹ್ನೆ ಬಳೆ.

ಚನ್ನು ಹಾಡು ನೋಡಿದ, ಬೆವತ. ಹಾಕದಿದ್ದರೆ ದಾನಿಷ್ ಬೇಜಾರಾಗುತ್ತಾನೆ. ಚನ್ನುವಿನ ತಂಗಿಯ ಮದುವೆಯ ವಿಡಿಯೋ ಇನ್ನೂ ದಾನಿಷ್ ಹತ್ತಿರವೇ ಇತ್ತು. ಹಾಕಿದರೆ ಬೀಗ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವನು ಒಂದು ದಾರಿ ಕಂಡುಕೊಂಡ. ಬಳೆ ಎಂಬ ಶಬ್ದ ಬಂದಲ್ಲೆಲ್ಲ ಕುಂಯ್ಯ್ ಎಂಬ ಸದ್ದು ಹಾಕಿದ. ಬಳೆ ಕಂಡಲ್ಲೆಲ್ಲ ಚಿತ್ರ ಮಸುಕು ಮಾಡಿದ. ಕಾನೂನು ಪಾಲಿಸಿದ ಸಮಾಧಾನದಲ್ಲಿ ಮಂಡಕ್ಕಿ ತಿಂದು ಮಲಗಿದ.

ಹಾಡು ಬರುವ ಸಂಜೆ ಇಸ್ಮಾಯಿಲ್‌ಸಾಬನ ಪಡಸಾಲೆಯಲ್ಲಿ ಓಣಿಯೇ ಕೂತಿತ್ತು. ಟಿವಿಯಲ್ಲಿ ಶೇರ್ವಾನಿ ತೊಟ್ಟ ಇಸ್ಮಾಯಿಲ್‌ಸಾಬ್ ಗದ್ದೆಯ ನಡುವೆ ಕಾಣಿಸಿಕೊಂಡ. ಸೊಂಟದ ಹತ್ತಿರ ಕೈಯಲ್ಲಿ ಏನನ್ನೋ ಹಿಡಿದಿದ್ದ. ಅದೇನೆಂದು ಕಾಣದಂತೆ ಅಲ್ಲಿ ಮಂಜು ಕವಿದಿತ್ತು. ಅವನು ಕಣ್ಣು ಹೊಡೆದು ಹಾಡಿದ:

"ತಂಗೀ, ತೋರಸಲೇನ ಕುಂಯ್ಯ್? ಯಾರೂ ನೋಡದಂಥ ಕುಂಯ್ಯ್! ಅತ್ತಿ ಮಲಗಿದಾಗ ಬಾರ, ನಿನಗಂತ ಇಟ್ಟೀನಿ ಕುಂಯ್ಯ್!"

ಪಕ್ಕದ ಮನೆಯ ರಹಮಾನಸಾಬ ಎದ್ದು ಮೊಮ್ಮಕ್ಕಳ ಕಣ್ಣು ಮುಚ್ಚಿದ. ಎರಡು ಕೈ, ಮೂರು ಮೊಮ್ಮಕ್ಕಳು, ಆದ್ದರಿಂದ ಒಂದು ಪೂರಾ ನೋಡಿತು. ಹೆಂಗಸರು ಒಬ್ಬೊಬ್ಬರಾಗಿ ಹಾಲು ಕಾಯಿಸುವುದಿದೆ, ಬಟ್ಟೆ ಒಣಗಹಾಕಿದ್ದೇವೆ ಎಂದು ಎದ್ದರು.

"ಅದು ಬಳಿ ಅಂತ ಐತ್ರೀ! ನಿಮಗ ಹಾಡಿ ತೋರಿಸಿದ್ನಲ್ಲ!" ಎಂದು ಇಸ್ಮಾಯಿಲ್‌ಸಾಬ್ ಕೂಗಿದ.

"ನಮಗ ಹಾಡಿದ್ದು ಒಂದು, ಟಿವಿಗೆ ಹಾಡಿದ್ದು ಒಂದು ಇರಬೇಕಪಾ," ಎಂದ ರಹಮಾನಸಾಬ ಬಾಗಿಲಲ್ಲಿ ನಿಂತು. "ಬಳಿ ಅಂದ್ರ ಯಾರರ ಕುಂಯ್ಯ್ ಅನಸ್ತಾರೇನು? ಸರ್ಕಾರಕ್ಕ ಅಷ್ಟೂ ತಿಳಿಯಂಗಿಲ್ಲೇನು?"

ಸರ್ಕಾರಕ್ಕೆ ತಿಳಿಯುತ್ತದೆ ಎಂದು ನಂಬಿದವರ ಜೊತೆ ವಾದ ಮಾಡುವುದು ಕಷ್ಟ. ಮೆಹರಬಾನು ಮನೆಮನೆಗೆ ಹೋಗಿ ಅದು ಬಳಿಯೇ ಎಂದು ಹೇಳಿ ಬಂದಳು. ಎಲ್ಲರೂ ಕೈಹಿಡಿದು ಕೂಡಿಸಿ, ಚಹಾ ಕೊಟ್ಟು, "ಪಾಪ, ನೀ ಆದ್ರೂ ಏನು ಮಾಡ್ತೀಯವ್ವಾ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಗಂಡನ ಮಾನ ಮುಚ್ಚುವ ಹೆಂಡತಿ ಎಂದು ಅವಳಿಗೆ ಒಳ್ಳೆಯ ಹೆಸರು ಬಂತು. ಅವನಿಗೆ ಬರಲಿಲ್ಲ.

ಮರುದಿನ ಅಂಗಡಿಗೆ ಬಂದದ್ದು ಗಿರಾಕಿಯಲ್ಲ, ಬ್ಯಾಂಡು. ಅದರ ಹಿಂದೆ ಹುರಿಮೀಸೆಯ ಮೈಲಾರಲಿಂಗಪ್ಪ, ಕೈಯಲ್ಲಿ ಚೆಂಡುಹೂವಿನ ಹಾರ.

"ಸಾಬಣ್ಣಾ, ಚನ್ನು ಎಲ್ಲಾ ಹೇಳಿದ. ನನ್ನ ಸಲುವಾಗಿ ಹಾಡು ಬರ್ದೀ, ನಿನ್ನ ಋಣ ಹ್ಯಾಂಗ ತೀರಿಸಲಿ!" ಎಂದು ಅವನು ಇಸ್ಮಾಯಿಲ್‌ಸಾಬನನ್ನು ತಬ್ಬಿಕೊಂಡ.

"ನಿಮ್ಮ ಸಲುವಾಗಿ ಅಲ್ರೀ ಗೌಡ್ರ, ಅಂಗಡಿ ಸಲುವಾಗಿ..."

"ನಾ ಕೇಳಿದ್ದು ಟ್ರ್ಯಾಕ್ಟರ್. ಚೀಟಿ ಎತ್ತಿದ್ರ ಬಂದದ್ದು ಬಳಿ. 'ಏನಪಾ, ಬಳಿ ತೊಟ್ಕೊಂಡೀಯೇನು' ಅಂತ ಎದುರಿನವರು ಕೇಳಾಕತ್ತಾರ. ಹೌದು ಅನ್ನಂಗಿಲ್ಲ, ಮೀಸಿ ಹೋಗತೈತಿ. ಇಲ್ಲ ಅನ್ನಂಗಿಲ್ಲ, ಓಟು ಹೋಗತೈತಿ. ನೀನೊಬ್ಬ ಮರ್ಯಾದಿ ಉಳಿಸಿದಿ ನೋಡು!"

ಹಾರ ಬಿತ್ತು, ಬ್ಯಾಂಡು ಬಡಿಯಿತು, ಯಾರೋ ಫೋಟೋ ಹೊಡೆದರು. ಫೋಟೋ ಹೊಡೆದವನು ಎದುರಿನವರ ಕಡೆಯವನಾಗಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಚುನಾವಣೆ ಜೀಪು ಅಂಗಡಿ ಮುಂದೆ ನಿಂತಿತು. ಇಳಿದ ಅಧಿಕಾರಿ ಇನ್ನೂ ಎಳೆಯ ವಯಸ್ಸಿನವನು, ಊಟ ಮಾಡಿರಲಿಲ್ಲ, ಆದರೂ ಸಮಾಧಾನದಿಂದಲೇ ಮಾತಾಡಿದ. ಅಂಗಡಿ ಮೇಲಿನ ಬೋರ್ಡಿನಲ್ಲಿ ಬಳೆಯ ದೊಡ್ಡ ಚಿತ್ರವಿದೆ, ಮತದಾನ ಮುಗಿಯುವವರೆಗೆ ಅದನ್ನು ಮುಚ್ಚಬೇಕು. ಮೈಕಿನಲ್ಲಿ, ಹಾಡಿನಲ್ಲಿ ಆ ಶಬ್ದ ಬರಬಾರದು. ಅಷ್ಟೇ.

ಅಧಿಕಾರಿ ಹೇಳಿದ್ದು ಮೈಕು ಮತ್ತು ಹಾಡು. ಆದರೆ ಜೀಪಿನ ಮೇಲೇ ಕಣ್ಣು ನೆಟ್ಟಿದ್ದ ಇಸ್ಮಾಯಿಲ್‌ಸಾಬನಿಗೆ ಮೊದಲಿನ ಎರಡು ಶಬ್ದ ಕೇಳಿಸಲೇ ಇಲ್ಲ. "ಆ ಶಬ್ದ ಬರಬಾರದು" ಎಂಬುದಷ್ಟೇ ಕಿವಿಗೆ ಬಿತ್ತು. "ಅಲ್ಲಾನ ಆಣಿ ಸಾಹೇಬ್ರ, ಬಾಯಾಗ ಬರಂಗಿಲ್ಲ," ಎಂದು ಕಿವಿ ಹಿಡಿದುಕೊಂಡ. ಸಿಬ್ಬಂದಿ ಬೋರ್ಡಿಗೆ ಹಳೆಯ ಬಿಳಿ ಪಂಚೆ ಕಟ್ಟಿ ಹೋದರು.

ಈಗ ಊರಿನ ಮುಂದೆ ಪುರಾವೆ ಪೂರ್ತಿಯಾಯಿತು. ಹಾಡಿಗೆ ಕುಂಯ್ಯ್, ಅಂಗಡಿಗೆ ಪಂಚೆ. ಆ ಬೋರ್ಡನ್ನು ಇಪ್ಪತ್ತೈದು ವರ್ಷ ದಿನಾ ನೋಡಿದವರೂ ಅದರ ಮೇಲೆ ಅಷ್ಟು ದಿನ ಏನು ಬರೆದಿತ್ತು ಎಂದು ತಲೆ ಕೆಡಿಸಿಕೊಂಡರು.

ಇಷ್ಟಾದರೂ ಒಬ್ಬಿಬ್ಬರು ಗಟ್ಟಿಗಿತ್ತಿಯರು ಅಂಗಡಿಗೆ ಬಂದರು. ಅವರನ್ನು ಓಡಿಸಿದ ಪುಣ್ಯ ಇಸ್ಮಾಯಿಲ್‌ಸಾಬನಿಗೇ ಸೇರಬೇಕು.

"ಬಾ ಅಕ್ಕಾ, ಕುಂದರು. ನಿನಗ ಹಸಿರು ಅದು ಬೇಕೋ, ಕೆಂಪು ಅದು ಬೇಕೋ?"

"ಯಾವುದು?"

"ಅದೇ ಅಕ್ಕಾ. ಅದು. ನಾ ಬಾಯಿ ಬಿಟ್ಟು ಹೇಳಂಗಿಲ್ಲ. ಒಳಗ ಐತಿ, ತೋರಸ್ಲೇನು?"

ಆಕೆ ಚಪ್ಪಲಿ ಮೆಟ್ಟಿಕೊಳ್ಳದೆ, ಕೈಯಲ್ಲೇ ಹಿಡಿದು ಹೋದಳು. ಹೋಗಿ ಎದುರಿನ ಗಾಜಿನ ಬಾಗಿಲು ತಳ್ಳಿದಳು. ಆ ವಾರವೆಲ್ಲ ಇಸ್ಮಾಯಿಲ್‌ಸಾಬನ ಮುಂದೆ ಒಂದು ಕೈಯೂ ಚಾಚಲಿಲ್ಲ. ಅವನು ಬಳೆಗಳ ಧೂಳು ಒರೆಸುತ್ತ ಕೂತ. ಕೊನೆಗೆ ಒರೆಸಲು ಧೂಳೂ ಉಳಿಯಲಿಲ್ಲ. ಮನೆಗೆ ಬಂದು ಉಣ್ಣದೆ ಎದ್ದಾಗ ಮೆಹರಬಾನು ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

ಉಳಿದಿದ್ದು ಒಂದೇ ಆಸೆ. ಲಿಂಗಸುಗೂರಿನ ಶೇಖರಮ್ಮನ ಮನೆ. ದೊಡ್ಡ ಒಕ್ಕಲುತನದ ಮನೆ ಅದು. ಆ ಮನೆಯ ಯಾವ ಮದುವೆಗೂ ಮಸ್ಕಿಯ ಈ ಬಳೆಗಾರರ ಮನೆತನದ ಕೈಯೇ ಆಗಬೇಕು. ಶೇಖರಮ್ಮ ಮದುವಣಗಿತ್ತಿಯಾಗಿದ್ದಾಗ ಆಕೆಗೆ ಬಳೆ ಇಟ್ಟವನು ಇಸ್ಮಾಯಿಲ್‌ಸಾಬನ ಅಜ್ಜ. ಈಗ ಮೊಮ್ಮಗಳು ದಾನೇಶ್ವರಿಯ ಮದುವೆ. ಬಳೆ ಇಡಿಸುವ ಕಾರ್ಯಕ್ಕೆ ತಿಂಗಳ ಹಿಂದೆಯೇ ಅವನಿಗೆ ಹೇಳಿಕಳಿಸಿದ್ದರು. ಆ ಮನೆ ಬಾಗಿಲು ಹಾಕಿದರೆ ಮೂರು ತಾಲೂಕಿನ ಬಾಗಿಲೂ ಹಾಕಿದಂತೆ.

ಫೋನು ಬಂತು. ಶೇಖರಮ್ಮನದೇ ದನಿ. "ಇಸ್ಮಾಯಿಲಾ, ಹಾಡು ನೋಡೀನಿ. ನಾಳೆ ಬಾ. ಬಳಿ ಇಡಸೋದೋ ಬ್ಯಾಡೋ, ನಿನ್ನ ಮಾರಿ ನೋಡಿ ಹೇಳತೀನಿ."

ಬೆಳಿಗ್ಗೆ ಮೋಟರ್‌ಸೈಕಲ್ ಹಿಂದೆ ಟ್ರಂಕು ಕಟ್ಟಿಕೊಂಡು ಅವನು ಹೊರಟ. ಲಿಂಗಸುಗೂರು ಇನ್ನೇನು ಬಂತು ಎನ್ನುವಾಗ ತಪಾಸಣೆ ನಾಕಾ. ಅಲ್ಲಿ ನಿಂತಿದ್ದವನು ಅದೇ ಎಳೆಯ ಅಧಿಕಾರಿ.

"ಟ್ರಂಕಿನ್ಯಾಗ ಏನೈತ್ರಿ?"

ಇಸ್ಮಾಯಿಲ್‌ಸಾಬ್ ಬಾಯಿ ತೆರೆದ, ಮುಚ್ಚಿದ. "ಸಾಹೇಬ್ರ, ನೀವು ಹೇಳಬಾರದು ಅಂದಿದ್ರಲ್ಲ, ಅದ ಐತಿ."

"ನಾ ಯಾವಾಗ ಏನ್ ಹೇಳಬ್ಯಾಡ ಅಂದೀನಿ?"

"ಹೇಳಬ್ಯಾಡ ಅಂದದ್ದನ್ನ ಹ್ಯಾಂಗ ಹೇಳಲ್ರೀ?"

ಟ್ರಂಕು ತೆರೆಯಿತು. ಹಸಿರು, ಕೆಂಪು, ಗಾಜು, ಮೆಟಲ್ಲು, ಇಡೀ ಟ್ರಂಕು ಮೈಲಾರಲಿಂಗಪ್ಪನ ಚಿಹ್ನೆ. ಹೆಣ್ಣುಮತದಾರರಿಗೆ ಹಂಚಲು ಒಯ್ಯುತ್ತಿದ್ದಾನೆಯೇ ಎಂದು ಯಾರಿಗಾದರೂ ಅನುಮಾನ ಬರುವಂಥ ಸರಕು. ಮದುವೆ ಮನೆಗೆ ಎಂದರೆ ನಂಬುವುದು ಹೇಗೆ? "ನಡೀರಿ, ಆ ಮನಿ ತೋರಸ್ರಿ," ಎಂದ ಅಧಿಕಾರಿ. ಮುಂದೆ ಮೋಟರ್‌ಸೈಕಲ್, ಹಿಂದೆ ಜೀಪು. ಬಳೆಗಾರನೊಬ್ಬ ಸರ್ಕಾರಿ ಬೆಂಗಾವಲಿನಲ್ಲಿ ಮದುವೆ ಮನೆಗೆ ಬಂದದ್ದು ಲಿಂಗಸುಗೂರಿನಲ್ಲಿ ಅದೇ ಮೊದಲು.

ಶೇಖರಮ್ಮನ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು, ಬಂಧುಬಳಗದ ಹೆಂಗಸರು ತುಂಬಿದ್ದರು. ಮೂಲೆಯ ತೂಗುಮಣೆಯ ಮೇಲೆ ಆಕೆಯ ಗಂಡ ಯಜಮಾನರು ಅಡಿಕೆ ಜಗಿಯುತ್ತ ಕೂತಿದ್ದರು. ಕಿವಿ ಮಂದವಾಗಿತ್ತು, ಆದ್ದರಿಂದ ಸಂಸಾರ ಸುಖವಾಗಿತ್ತು. ಇಸ್ಮಾಯಿಲ್‌ಸಾಬ್ ಒಳಗೆ ಬಂದ ಕೂಡಲೇ ಹೆಂಗಸರು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಮದುವಣಗಿತ್ತಿ ದಾನೇಶ್ವರಿಯೂ ಎಳೆದುಕೊಂಡಳು. ಹುಟ್ಟಿದಾಗಿನಿಂದ ಅವನು ಅಂಥದ್ದನ್ನು ಕಂಡಿರಲಿಲ್ಲ. ಟ್ರಂಕು ಕೆಳಗಿಟ್ಟು ಬಾಗಿಲ ಹತ್ತಿರವೇ ನಿಂತ.

"ಮೊದಲು ಇದು ಹೇಳು," ಎಂದಳು ಶೇಖರಮ್ಮ. "ಆ ಹಾಡಿನ್ಯಾಗ ಕುಂಯ್ಯ್ ಅಂತೈತಲ್ಲ, ಅಲ್ಲಿ ಏನೈತಿ?"

ಇಸ್ಮಾಯಿಲ್‌ಸಾಬ್ ಅಧಿಕಾರಿಯ ಮುಖ ನೋಡಿದ. ಹೇಳಿದರೆ ಜೈಲು ಎಂದು ಅವನ ಲೆಕ್ಕ. ಕೈಸನ್ನೆ ಮಾಡಿ ತೋರಿಸೋಣ ಎಂದು ಎರಡು ಬೆರಳು ಕೂಡಿಸಿ ದುಂಡಗೆ ಮಾಡಿದ, ಅದರೊಳಗೆ ಇನ್ನೊಂದು ಕೈ ತೂರಿಸಲು ಹೋದ.

"ಶಿವನೇ!" ಎಂದು ಒಬ್ಬಾಕೆ ಮದುವಣಗಿತ್ತಿಯ ಮುಖಕ್ಕೆ ಸೆರಗು ಹಾಕಿದಳು.

"ಸಾಕು, ಸಾಕು!" ಎಂದಳು ಶೇಖರಮ್ಮ. "ಬಾಯಿ ಐತಿಲ್ಲ, ಹೇಳಾಕೇನು?"

"ಆಣಿ ಮಾಡೀನ್ರೀ ಅವ್ವಾರ," ಎಂದ ಇಸ್ಮಾಯಿಲ್‌ಸಾಬ್. "ಓಟು ಮುಗಿಯೋತನಕ ಆ ಶಬ್ದ ಬಾಯಾಗ ಬರಬಾರದು ಅಂತ ಹುಕುಂ ಆಗೈತ್ರಿ. ನಮ್ಮಜ್ಜ ನಿಮ್ಮ ಕೈ ಹಿಡಿದಾನ, ನಮ್ಮಪ್ಪ ನಿಮ್ಮ ಸೊಸಿ ಕೈ ಹಿಡಿದಾನ, ಒಂದು ಕೆಟ್ಟ ಮಾತು ಬಂದಿಲ್ಲ. ನನ್ನ ಕೈಯಾಗ ಬಂತು ಅಂದ್ರ ನಾ ಈ ಟ್ರಂಕು ಇಲ್ಲೇ ಬಿಟ್ಟು ಹೋಗತೀನ್ರಿ."

ಶೇಖರಮ್ಮ ಅಧಿಕಾರಿಯ ಕಡೆ ತಿರುಗಿದಳು. ಅಧಿಕಾರಿ ತಾನು ಹೇಳಿದ್ದು ಮೈಕಿನಲ್ಲಿ ಮಾತ್ರ ಎಂದು ವಿವರಿಸಲು ಹೊರಟ. ಆದರೆ ಆಕೆಗೆ ಆ ವಿವರಣೆ ಬೇಕಿರಲಿಲ್ಲ. ಮುಖದ ಗಂಟು ಆಗಲೇ ಸಡಿಲವಾಗಿತ್ತು.

"ಅಷ್ಟೇ ಏನು? ಬಾಯಿಲೆ ಅನ್ನಬಾರದ್ದನ್ನ ಅನ್ನೋದು ಹ್ಯಾಂಗಂತ ನಮ್ಮನ್ನ ಕೇಳಪಾ. ನಾವು ಗಂಡನ ಹೆಸರು ಹೇಳಂಗಿಲ್ಲ. ಆದ್ರ ಪ್ರಾಸ ಕೂಡಿಸಿ ಒಡಪು ಕಟ್ಟಿ ಹೇಳಿದ್ರ ದೋಷ ಇಲ್ಲ. ನೀನೂ ಒಂದು ಒಡಪು ಹಾಕು. ಒಡಪಿನ್ಯಾಗ ಬಂದದ್ದಕ್ಕ ಯಾವ ಸರ್ಕಾರದ್ದೂ ನಡಿಯಂಗಿಲ್ಲ."

ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಇದು ಅವರಿಗೆ ಸಂವಿಧಾನಕ್ಕಿಂತ ಹಳೆಯ ಕಾನೂನು. ಇಸ್ಮಾಯಿಲ್‌ಸಾಬ್ ಟೊಪ್ಪಿಗೆ ಸರಿಮಾಡಿಕೊಂಡು, ಗೋಡೆ ನೋಡುತ್ತ ಹೇಳಿದ:

"ಹೊಲಕ್ಕ ಚಂದ ಮಳಿ, ಊರಿಗೆ ಚಂದ ಹೊಳಿ, ಅಕ್ಕಗೋಳ ಕೈಗೆ ಚಂದ ನಾ ಇಡೋ ಹಸಿರು... ಬಳಿ!"

"ಬಳಿ!" ಎಂದಿತು ಇಡೀ ಪಡಸಾಲೆ. "ಬಳಿಯೇನು! ಅಯ್ಯ, ಬರೇ ಬಳಿ!" ಒಬ್ಬಾಕೆ ಹಾಡನ್ನು ಮೊದಲಿನಿಂದ ಕುಂಯ್ಯ್ ತೆಗೆದು ಹೇಳಿದಳು. ಅತ್ತಿ ಮಲಗಿದಾಗ ಬಾರ, ನಿನಗಂತ ಇಟ್ಟೀನಿ ಬಳಿ. ಸೊಸೆಯಂದಿರು ನಕ್ಕರು, ಅತ್ತೆಯಂದಿರು ಬೈದರು. ಕೆಲವರ ನಗೆಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು ಎಂದು ಹೇಳದಿದ್ದರೆ ಸುಳ್ಳಾದೀತು.

ಅಧಿಕಾರಿ ಗಂಟಲು ಸರಿಮಾಡಿಕೊಂಡ. "ಅಮ್ಮಾರ, ಇಷ್ಟು ಮಂದಿ ಕೂಡಿ ಒಂದು ಚಿಹ್ನಿ ಹೆಸರು ಕೂಗೋದು..."

"ಮದುವಿ ಆಗೀರೇನು ಸಾಹೇಬ್ರ?" ಎಂದಳು ಶೇಖರಮ್ಮ.

"ಆಗೀನ್ರಿ."

"ಹಂಗಾದ್ರ ಮೊದಲು ನಿಮ್ಮ ಹೇಣ್ತಿಗೆ ನೋಟೀಸ್ ಕೊಡ್ರಿ. ಎರಡೂ ಕೈಲೆ ಪ್ರಚಾರ ಮಾಡಾಕತ್ತಾಳ."

ಅಧಿಕಾರಿ ನಗು ತಡೆಯಲು ಹೋಗಿ ಕೆಮ್ಮಿದ. ಆದರೂ ಕೆಲಸ ಕೆಲಸವೇ. ಮದುವೆ ಕಾರ್ಯ ನಿಜ, ಸರಕು ಮದುವೆಯದು ಎಂದು ಬರೆದುಕೊಂಡು ಹೋಗಬೇಕಿತ್ತು. ಪೆನ್ನು ತೆಗೆದು ಶೇಖರಮ್ಮನನ್ನೇ ಕೇಳಿದ. "ಮನಿ ಯಜಮಾನ್ರ ಹೆಸರೇನ್ರಿ?"

ಕಿಸಕ್ಕೆಂದು ಯಾರೋ ನಕ್ಕರು. ಮದುವೆಯಾದಂದಿನಿಂದ ಶೇಖರಮ್ಮ ಆ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಹಿರಿಯಳಾದ ಮೇಲೆ ಒಡಪು ಹಾಕು ಎಂದು ಕೇಳುವ ಧೈರ್ಯವೂ ಯಾರಿಗಿರಲಿಲ್ಲ. ಈಗ ಸರ್ಕಾರವೇ ಕೇಳುತ್ತಿತ್ತು.

"ಒಡಪು ಹಾಕು ಅಜ್ಜಿ!" ಎಂದಳು ದಾನೇಶ್ವರಿ ಸೆರಗು ಸರಿಸಿ. "ಒಡಪು! ಒಡಪು!" ಎಂದರು ಉಳಿದವರು. ಈಗ ತಾನೇ ತೀರ್ಪು ಕೊಟ್ಟ ಶೇಖರಮ್ಮನಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅವಳು ನೆಲ ನೋಡಿದಳು, ತೊಲೆ ನೋಡಿದಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಬಿಸಿ ಬಿಸಿ ಜೋಳದ ರೊಟ್ಟಿ, ಮ್ಯಾಲ ಕೆಂಪು ಖಾರ, ಉಂಡು ಹೊಗಳಾಕ ಬಾಯಿ ಬರದಿದ್ರೂ ಮನಸು ಬಂಗಾರ," ಎಂದು ಒಂದೇ ಉಸಿರಿಗೆ ಹೇಳಿ, ದನಿ ತಗ್ಗಿಸಿ ಮುಗಿಸಿದಳು. "ದೊಡ್ಡಬಸಪ್ಪನವರು ನಮ್ಮ ಮನಿ ಸರದಾರ."

ಅಧಿಕಾರಿ ಬರೆದುಕೊಂಡ. ಹೆಂಗಸರು ಹೋ ಎಂದರು. ಮೂಲೆಯಲ್ಲಿ ತೂಗುಮಣೆ ನಿಂತಿತು. ಸಿಡಿಲು ಬಡಿದರೂ ಕೇಳದ ಯಜಮಾನರು ಅಡಿಕೆ ಜಗಿಯುವುದನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ್ದರು. ಅವರ ಮುಖ ಕಿವಿಯ ತನಕ ಅರಳಿತ್ತು.

"ಏನಂದಿ?" ಎಂದರು ದೊಡ್ಡಬಸಪ್ಪ. "ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮಿ ಅನ್ನು."

ಶೇಖರಮ್ಮನ ಮುಖ ಕುಂಕುಮವಾಯಿತು. ಎಲ್ಲಿ ಮುಖ ಇಟ್ಟುಕೊಳ್ಳಬೇಕು ತಿಳಿಯದೆ ಅವಳು ದಡದಡನೆ ಬಂದು ಇಸ್ಮಾಯಿಲ್‌ಸಾಬನ ಮುಂದೆ ಜಮಖಾನೆಯ ಮೇಲೆ ಕೂತಳು. ಎಲ್ಲರಿಗಿಂತ ಮೊದಲು, ಮದುವಣಗಿತ್ತಿಗಿಂತಲೂ ಮೊದಲು, ತನ್ನ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು.

"ನಿಂತು ಏನ್ ನೋಡ್ತೀಯೋ ಇಸ್ಮಾಯಿಲಾ," ಎಂದಳು. "ನೀ ಬಳಿ ಇಡು ಮೊದಲ."